ಬತ್ತದ ಸೆರೆವಾಸ

2019ರ ಆಗಸ್ಟ್‌ನಲ್ಲಿ ಹಾನಗಲ್ಲ, ಸವಣೂರು ಸೀಮೆಯಲ್ಲಿ ವರದೆ ನದಿ ಉಕ್ಕಿದಾಗ ನಮ್ಮ ಗದ್ದೆ ಹನ್ನೊಂದು ದಿನ ನೀರೊಳಗಿತ್ತು. ಕೂರಿಗೆಯಲ್ಲಿ ಬಿತ್ತಿದ ಬತ್ತ. ನೀರಿಳಿದಾಗ ಸಸಿಗಳು ಬಿಳಿಚಿ, ಉದ್ದುದ್ದ ಎಳೆದುಕೊಂಡು ಕೆಸರಿಗೆ ಅಂಟಿಬಿದ್ದಿದ್ದವು. ಅವ್ವ ಒಂದನ್ನು ಎತ್ತಿ, “ಸಾಯೂ ಮುಂದನೂ ಬೆಳದೈತಿ ನೋಡ” ಅಂದಳು.

ಅದು ನಿಜ. ಮುಳುಗಿದ ಬತ್ತ ಗಾಳಿಗಾಗಿ ಮೇಲಕ್ಕೆ ಚಾಚುತ್ತದೆ, ಕೂಡಿಟ್ಟ ಸಕ್ಕರೆಯನ್ನೆಲ್ಲ ಅದಕ್ಕೇ ಸುಡುತ್ತದೆ. ಒಡಿಶಾದ ಎಫ್‌ಆರ್‌ 13ಎ ಎಂಬ ಹಳೆಯ ಬತ್ತ ಹಾಗಲ್ಲ. ಅದರ ಸಬ್‌1ಎ ಜೀನ್ ಕಟ್ಟುವ ಒಂದು ಪ್ರೋಟೀನ್, ನೀರೇರಿದೊಡನೆ ಬೆಳವಣಿಗೆಗೆ ತಡೆ ಹಾಕುತ್ತದೆ. ಗಿಡ ಜಪಕ್ಕೆ ಕೂತಂತೆ ಸುಮ್ಮನಾಗುತ್ತದೆ. ತಳಿ ತಜ್ಞರು ಪರಾಗ ಕೂಡಿಸಿ, ಎಳೆ ಸಸಿಯ ಎಲೆಚೂರಿನಲ್ಲೇ ಡಿಎನ್‌ಎ ಗುರುತು ನೋಡಿ ಆರಿಸುತ್ತ ಹೋಗಿ, ಈ ಗುಣವನ್ನು ಸ್ವರ್ಣ ತಳಿಗೆ ತಂದರು. 2009ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾದ ಸ್ವರ್ಣ-ಸಬ್‌1 ಎರಡು ವಾರದಷ್ಟು ಮುಳುಗಿದರೂ ಮತ್ತೆ ಚಿಗುರುತ್ತದೆ.

ನಾನು ಶಿಗ್ಗಾಂವಿ ತಾಲೂಕಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವನು. ಬಾಡದಲ್ಲಿ ಹುಟ್ಟಿದ ಕನಕದಾಸರನ್ನು ಬಿಟ್ಟು ಬತ್ತದ ಬಗ್ಗೆ ಯೋಚಿಸಲಾರೆ. ಅವರ ರಾಮಧಾನ್ಯಚರಿತ್ರೆಯಲ್ಲಿ ಬತ್ತಕ್ಕೂ ನರೆದಲೆಗನಿಗೂ, ಅಂದರೆ ರಾಗಿಗೂ, ಜಗಳ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕುತ್ತಾನೆ. ಬತ್ತ ಕಳೆಗುಂದುತ್ತದೆ, ರಾಗಿ ಗಟ್ಟಿಯಾಗಿಯೇ ಇರುತ್ತದೆ. ಬಡವರ ಧಾನ್ಯ ಸ್ವಂತ ಗುಣದಿಂದ ಗೆದ್ದಿತು ಎಂದೇ ವರ್ಷವರ್ಷವೂ ಪಾಠ ಮಾಡಿದೆ.

ಸೋತ ಬತ್ತಕ್ಕೂ ತಾಳಿಕೆ ಕೊಡಿಸಬಹುದಾದರೆ ಆ ಗುಣ ಯಾರದು? ಹಿರೇಕೆರೂರಿನ ಬೀಗರು, ಗೋವಿನಜೋಳದವರು, “ಮಾಸ್ತರ, ಕಡಾ ತಂದ ತಾಳ್ಮಿ ಎಷ್ಟ ದಿನದ್ದು?” ಎಂದು ನಕ್ಕರು. ನನಗೂ ಹಾಗೇ ಅನಿಸಿತ್ತು. ಆದರೆ ರಾಗಿಯೂ ಆಫ್ರಿಕಾದಿಂದ ಬಂದದ್ದೇ. ಇಲ್ಲಿನದಾಗಿ ಹೋದ ಮೇಲೂ ರಾಗಿ ತಳಿ ತಜ್ಞ ಲಕ್ಷ್ಮಣಯ್ಯನವರು ಅದಕ್ಕೆ ಮತ್ತೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಒಡಿಶಾದ ಆ ಬತ್ತವೂ ಮುಳುಗಿ ಸತ್ತ ಎಷ್ಟೋ ಸಸಿಗಳ ನಡುವೆ ಉಳಿದ ಕಾಳಿನ ವಂಶ. ತಾಳಿಕೆ ಯಾವ ಧಾನ್ಯದ ಸ್ವಯಾರ್ಜಿತವೂ ಅಲ್ಲ, ಎಲ್ಲ ಋಣದ್ದೇ. ಇಷ್ಟರಮಟ್ಟಿಗೆ ನನ್ನ ಮನಸ್ಸು ತಿಳಿಯಾಯಿತು.

ತಿಳಿಯಾಗದೆ ಉಳಿದದ್ದು ಬೇರೆ. ಮೂವತ್ತು ವರ್ಷ ಸೆರೆಯೊಳಗಿನವರ ಗುಣ ತೂಗಿದೆನೇ ಹೊರತು ಬೀಗ ಹಾಕಿದವನನ್ನು ಒಮ್ಮೆಯೂ ಪ್ರಶ್ನಿಸಲಿಲ್ಲ. ನಮ್ಮ ಬದುವಿನ ಆಚೆ ನೀರು ಹರಿದುಹೋಗುವ ಹಳ್ಳವೊಂದಿತ್ತು. ನಾಲ್ಕು ಸಾಲು ಹೆಚ್ಚಿಗೆ ಸಿಕ್ಕೀತೆಂದು ಅದನ್ನು ಮುಚ್ಚಿಸಿ ಉತ್ತವನು ನಾನೇ. ವರದೆ ಇಳಿದ ಮೇಲೂ ನಮ್ಮ ನೀರು ನಿಂತೇ ಇತ್ತು.

ಆ ವರ್ಷ, ಬೆಳೆಗೆ ಎಡೆಯ ಚರಗ ಚೆಲ್ಲುವ ಶೀಗಿ ಹುಣ್ಣಿಮೆಗೆ, ಗದ್ದೆಯಲ್ಲಿ ಬೆಳೆಯಿರಲಿಲ್ಲ. ಆದರೂ ಅವ್ವ ಬುಟ್ಟಿ ಹೊತ್ತು ಬಂದಳು. ಗದ್ದೆಯೊಳಗೆ ಇಳಿಯದೆ, ಹಳ್ಳವಿದ್ದ ಜಾಗದ ಗುಂಟ ನಡೆಯುತ್ತ ಚರಗ ಚೆಲ್ಲಿದಳು. ನನ್ನ ಕಡೆ ನೋಡಲಿಲ್ಲ.