ಗೋಪುರದ ಲೆಕ್ಕ, ನೇಗಿಲ ಮೇಲಿನ ಕೈ



ಬಾಗಲಕೋಟೆಯ ವಿದ್ಯಾಗಿರಿಯಲ್ಲಿ 1963ರಲ್ಲಿ ಆರಂಭವಾದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿದೆ. ಅದೇ ವಿದ್ಯಾವರ್ಧಕ ಸಂಘದವರು 2002ರಲ್ಲಿ ನವನಗರದಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜನ್ನು ತೆರೆದರು. ಒಂದರಿಂದ ಇನ್ನೊಂದಕ್ಕೆ ಆಟೋದಲ್ಲಿ ಹೋಗಿ ಬರಬಹುದು. ಆದರೆ ಎಂಜಿನಿಯರಿಂಗ್ ತರಗತಿಯಿಂದ ಎದ್ದು ವೈದ್ಯಕೀಯ ತರಗತಿಯಲ್ಲಿ ಕುಳಿತುಕೊಳ್ಳಬಯಸುವವನಿಗೆ ಆ ದಾರಿ ಬಹು ದೀರ್ಘವಾದುದು.

ಅಂಥ ಯುವಕನೊಬ್ಬ ರಜೆಯಲ್ಲಿ ನನ್ನ ಬಳಿಗೆ ಬಂದನು. ಇಳಕಲ್ಲಿನ ನೇಕಾರ ಮನೆತನದವನು. ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದನು. ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯ ಪಕ್ಕದಲ್ಲಿ ಅವನು ಒಂದು ತಿಂಗಳು ಆಸ್ಪತ್ರೆಯಲ್ಲಿ ಕುಳಿತಿದ್ದನು. "ಫಾದರ್, ನಾ ಡಾಕ್ಟರ್ ಆಗಬೇಕಂತೀನ್ರಿ. ಇದನ್ನ ಬಿಟ್ಟರ ಅಪ್ಪಗ ಮೋಸ ಮಾಡಿದಂಗ ಆಗತೈತೇನ್ರಿ?" ಎಂದು ಕೇಳಿದನು. ತಂದೆ ಮಗನ ಓದಿಗಾಗಿ ಸಾಲ ಮಾಡಿದ್ದರು.

ಈ ಪ್ರಶ್ನೆಗೆ ಶುಭಸಂದೇಶದಲ್ಲಿ ಉತ್ತರ ಹುಡುಕಿದರೆ ಎರಡು ಮಾತುಗಳು ಎದುರಾಗುತ್ತವೆ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಹೇಳುತ್ತಾರೆ. ನೇಗಿಲಿಗೆ ಕೈ ಹಾಕಿದವನು ಹಿಂತಿರುಗಿ ನೋಡಬಾರದೆಂದೂ ಹೇಳುತ್ತಾರೆ. ಎರಡನೆಯ ಮಾತನ್ನು ಹಿಡಿದು, ಆರಂಭಿಸಿದ ಓದನ್ನು ಬಿಡುವುದೇ ಪಾಪವೆನ್ನುವ ಹಿರಿಯರುಂಟು. ಆದರೆ ಅಲ್ಲಿ ನೇಗಿಲೆಂದರೆ ದೇವರ ರಾಜ್ಯದ ಕೆಲಸವೇ ಹೊರತು ಹದಿನೇಳನೆಯ ವಯಸ್ಸಿನಲ್ಲಿ ಆರಿಸಿಕೊಂಡ ಕೋರ್ಸು ಅಲ್ಲ. ಪೇತ್ರನು ಬಲೆಯನ್ನು ಬಿಟ್ಟನು, ಮತ್ತಾಯನು ಸುಂಕದ ಕಟ್ಟೆಯನ್ನು ಬಿಟ್ಟನು. ಪೌಲನು ಪ್ರೇಷಿತನಾದ ಮೇಲೂ ಗುಡಾರ ಹೊಲಿಯುವ ಕಸುಬನ್ನು ಬಿಡಲಿಲ್ಲ. ಆದುದರಿಂದ ಬಿಡುವುದರಲ್ಲಾಗಲಿ ಉಳಿಯುವುದರಲ್ಲಾಗಲಿ ತನ್ನಷ್ಟಕ್ಕೆ ಪುಣ್ಯವಿಲ್ಲ. ಯಾವುದಕ್ಕಾಗಿ ಎಂಬುದೇ ಮುಖ್ಯ.

ಗೋಪುರದ ಲೆಕ್ಕವನ್ನಂತೂ ಹಾಕಲೇಬೇಕು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಇದ್ದ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆಯಲಾಯಿತು. ಹನ್ನೆರಡನೆಯ ತರಗತಿಯಲ್ಲಿ ಜೀವಶಾಸ್ತ್ರ ಓದದವರು ಅನಂತರ ಮಾನ್ಯ ಮಂಡಳಿಯಿಂದ ಅದನ್ನು ಹೆಚ್ಚುವರಿ ವಿಷಯವಾಗಿ ಓದಿಯೂ ಪರೀಕ್ಷೆ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ನವೆಂಬರ್‌ನಲ್ಲಿ ತಿಳಿಸಿತು. ಬಾಗಿಲು ತೆರೆದಿದೆ, ನಿಜ. ಆದರೆ 720 ಅಂಕಗಳಲ್ಲಿ 360 ಜೀವಶಾಸ್ತ್ರಕ್ಕೇ ಮೀಸಲು. ಸೀಟು ದೊರೆತರೂ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಎಂಜಿನಿಯರಿಂಗ್ ಮುಗಿಸಿ ಹೊರಟವನು ವೈದ್ಯನಾಗುವಾಗ ಇಪ್ಪತ್ತೆಂಟು ದಾಟಿರುತ್ತದೆ. ಆ ವರ್ಷಗಳ ಬೆಲೆಯನ್ನು ಅವನೊಬ್ಬನೇ ತೆರುವುದಿಲ್ಲ. ಮಗ್ಗದ ಮುಂದೆ ಕುಳಿತ ತಂದೆಯೂ ತೆರುತ್ತಾನೆ, ಮದುವೆಗೆ ಕಾದಿರುವ ತಂಗಿಯೂ ತೆರುತ್ತಾಳೆ.

ಇಷ್ಟು ಹೇಳಿದ ಮೇಲೆ ನಾನು ಆ ಯುವಕನಿಗೆ ಒಂದು ಪ್ರಶ್ನೆ ಹಾಕಿದೆನು: "ಹುನಗುಂದದ ಹಳ್ಳಿಯೊಂದರಲ್ಲಿ ರೋಗಿಗಳ ಹುಣ್ಣು ತೊಳೆಯುವ ಕೆಲಸ ಸಿಕ್ಕು, ಯಾರೂ ನಿನ್ನನ್ನು ಡಾಕ್ಟರ್ ಎಂದು ಕರೆಯದಿದ್ದರೆ ಆಗಲೂ ಇದೇ ಬೇಕೇ?" ಅವನು ಉತ್ತರಿಸದೆ ಎದ್ದುಹೋದನು. ವಾರದ ನಂತರ ಮರಳಿ ಬಂದು, ತಾನು ಎರಡು ವಿಷಯಗಳಲ್ಲಿ ಅನುತ್ತೀರ್ಣನಾಗಿರುವುದನ್ನೂ ಅದನ್ನು ಮನೆಯಲ್ಲಿ ಮುಚ್ಚಿಟ್ಟಿರುವುದನ್ನೂ ಹೇಳಿಕೊಂಡು ಅತ್ತನು. ಅವನ ಹಂಬಲದಲ್ಲಿ ಅರ್ಧ ಕರೆಯಾಗಿತ್ತು, ಅರ್ಧ ಪಲಾಯನವಾಗಿತ್ತು.

ಓದುಗರೇ, ಪಲಾಯನ ಬೆರೆತಿದೆಯೆಂದ ಮಾತ್ರಕ್ಕೆ ಕರೆ ಸುಳ್ಳೆನ್ನಬೇಡಿ. ನಮ್ಮಲ್ಲಿ ಶುದ್ಧ ಉದ್ದೇಶದಿಂದಲೇ ಹೊರಟವರು ಎಷ್ಟು ಮಂದಿ? ಗೋಧಿಯನ್ನೂ ಕಳೆಯನ್ನೂ ಗುರುತಿಸುವ ಪ್ರಾಮಾಣಿಕತೆ ಇದ್ದರೆ ಸಾಕು. ಅದಕ್ಕೆ ಉಪಾಯ ಸರಳವಾದುದು: ಮೊದಲು ಪಲಾಯನದ ಕಾರಣವನ್ನು ತೊಲಗಿಸಿ, ಆಮೇಲೆ ಹಂಬಲ ಉಳಿದಿದೆಯೇ ಎಂದು ನೋಡಿ. ಅವನು ತಂದೆಗೆ ನಿಜ ಹೇಳಿದನು, ಆ ಎರಡು ವಿಷಯಗಳನ್ನು ಪಾಸು ಮಾಡಿದನು, ಪದವಿಯನ್ನು ಪೂರೈಸಿದನು. ಹಂಬಲ ಉಳಿದಿತ್ತು. ನೀಟ್ ಬರೆದನು, ಸೀಟು ದೊರೆಯಲಿಲ್ಲ. ಈಗ ಕೆಲಸ ಮಾಡಿ ಸಾಲ ತೀರಿಸುತ್ತ ಮತ್ತೊಮ್ಮೆ ಓದುತ್ತಿದ್ದಾನೆ. ಅವನಿಗೆ ಸೀಟು ಸಿಗುವುದೋ ಇಲ್ಲವೋ ನಾನರಿಯೆ. ಆದರೆ ತಂದೆಯ ಮುಖವನ್ನು ಅವನು ನೇರವಾಗಿ ನೋಡಬಲ್ಲನು.

ಕಲಿತದ್ದು ವ್ಯರ್ಥವಾಯಿತೇ? ಡಾ. ಪಾಲ್ ಬ್ರ್ಯಾಂಡ್ ಅವರನ್ನು ನೆನೆಯಿರಿ. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮಿಷನರಿ ದಂಪತಿಗಳ ಮಗನಾಗಿ ಹುಟ್ಟಿದವರು. ತಂದೆ ರೋಗಿಗಳ ಹುಣ್ಣುಗಳನ್ನು ಶುಚಿ ಮಾಡುವುದನ್ನು ಕಂಡಿದ್ದ ಬಾಲಕನಿಗೆ ವೈದ್ಯವೃತ್ತಿಯೆಂದರೆ ಹೇಸಿಗೆ. ಇಂಗ್ಲೆಂಡಿನಲ್ಲಿ ಅವರು ವರ್ಷಗಟ್ಟಲೆ ಮರಗೆಲಸ, ಗಾರೆಕೆಲಸ ಕಲಿತು ಕಟ್ಟಡ ಕಟ್ಟುವವರಾದರು. ಅನಂತರ ತರಬೇತಿಗೆಂದು ಲಂಡನ್ನಿನ ಆಸ್ಪತ್ರೆಯಲ್ಲಿದ್ದಾಗ, ರಕ್ತ ಕಳೆದುಕೊಂಡು ಶವದಂತಾಗಿದ್ದ ಯುವತಿಯೊಬ್ಬಳು ರಕ್ತಪೂರಣದಿಂದ ಕಣ್ಣು ತೆರೆದುದನ್ನು ಕಂಡರು, ಮನಸ್ಸು ತಿರುಗಿತು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು, ಕುಷ್ಠದಿಂದ ಮುದುಡಿದ ಬೆರಳುಗಳಿಗೆ ಆರೋಗ್ಯವಂತ ಸ್ನಾಯುವಿನ ಎಳೆಗಳನ್ನು ಜೋಡಿಸಿ ಮತ್ತೆ ಚಲನೆ ತಂದುಕೊಟ್ಟರು. ಎಳೆತ, ಭಾರ, ಆಧಾರಗಳನ್ನು ಬಲ್ಲ ಕೈಗಳೇ ಆ ಕೆಲಸಕ್ಕೂ ಬೇಕಾಗಿದ್ದವು. ವಾಸಿಯಾದವರಿಗೆ ಅಲ್ಲಿ ಮರಗೆಲಸವನ್ನೂ ಕಲಿಸಲಾಯಿತು.

ಹೆತ್ತವರೇ, ನಿಮಗೂ ಒಂದು ಮಾತು. ಮಗನು ದಾರಿ ಬದಲಿಸಬೇಕೆಂದಾಗ ಖರ್ಚಿನ ಪಟ್ಟಿ ತೆರೆಯುವ ಮುನ್ನ, ಮೊದಲ ದಾರಿಯನ್ನು ಆರಿಸಿದವರು ಯಾರೆಂದು ನಿಮ್ಮನ್ನೇ ಕೇಳಿಕೊಳ್ಳಿ. ಮೋಸವಾಗಿದ್ದರೆ ಅದು ಅಲ್ಲಿಂದಲೇ ಆರಂಭವಾಗಿರಬಹುದು.

ಬಾದಾಮಿಯ ಗುಹೆಗಳನ್ನು ಕೊರೆದ ಶಿಲ್ಪಿಗೆ ಒಮ್ಮೆ ಕೆತ್ತಿ ತೆಗೆದ ಕಲ್ಲನ್ನು ಮರಳಿ ಅಂಟಿಸಲಾಗದು. ಬದುಕು ಅಂಥ ಕಲ್ಲೆಂದು ತಿಳಿದು ಎಷ್ಟೋ ಯುವಕರು ಎದೆಗುಂದುತ್ತಾರೆ. ಆದರೆ ಇಳಕಲ್ ಸೀರೆಯನ್ನು ನೋಡಿರಿ. ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ನೇಕಾರನು ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಒಂದಾಗಿಸುತ್ತಾನೆ. ಅದು ತಾಳ್ಮೆಯ ಕೆಲಸ. ಒಂದೆಳೆ ತಪ್ಪಿದರೂ ಕಣ್ಣಿಗೆ ಬೀಳುತ್ತದೆ. ದಾರಿ ಬದಲಿಸುವವನು ಹಿಂದಿನದನ್ನು ಹರಿದೆಸೆಯಬೇಕಾಗಿಲ್ಲ. ಸತ್ಯದಿಂದಲೂ ಋಣಪ್ರಜ್ಞೆಯಿಂದಲೂ ಕೊಂಡಿ ಹಾಕಬೇಕು.

ಅಂಥ ಕೈಗಳನ್ನು ದೇವರು ನಮ್ಮ ಮಕ್ಕಳಿಗೆ ಕರುಣಿಸಲಿ. ಕಾಯುವ ಮನಸ್ಸನ್ನು ನಮಗೂ ಕೊಡಲಿ.