ನಡುದಾರಿ ಅರ್ಧದಾರಿಯಲ್ಲ

ಮಧ್ಯಮಮಾರ್ಗವೆಂದರೆ ಎರಡು ತುದಿಗಳ ಸರಿಯರ್ಧ ಎಂಬ ತಿಳಿವಳಿಕೆ ತಪ್ಪು. ಮಾದರಿ ವಿಮಾನದ ಗ್ಲೋ ಎಂಜಿನ್ನನ್ನೇ ನೋಡಿ: ಮೆಥನಾಲ್ ಇಂಧನದ ಹರಿವನ್ನು ಹಿಡಿದಿಡುವ ಸೂಜಿಯನ್ನು ಬಿಗಿ ಮಾಡಿದಂತೆ ಸದ್ದು ಏರುತ್ತದೆ. ಏರಿದ ತುದಿಯಲ್ಲೇ ಬಿಟ್ಟರೆ ಹಾರುವಾಗ ಕಾದು ನಿಂತುಬಿಡುತ್ತದೆ. ತುದಿ ಮುಟ್ಟಿ, ಒಂದೆರಡು ಹಲ್ಲು ಹಿಂದಕ್ಕೆ ತಿರುಗಿಸಬೇಕು. ಹಿಂದೆ ಹೊಗೆಯ ತೆಳು ಎಳೆ ಕಾಣುತ್ತಿರಬೇಕು. ಆ ಜಾಗವೂ ಸ್ಥಿರವಲ್ಲ: ಸಿಂಧನೂರಿನ ಬೇಸಿಗೆಗೆ ಹೊಂದಿದ ಸೂಜಿ ಚಳಿಗಾಲದ ಬೆಳಗಿಗೆ ಹೊಂದದು.

ಹಾಗಾದರೆ ನಿಯಮವೇ ಇಲ್ಲವೇ? ಇದೆ, ತಪ್ಪಿದರೆ ಎಂಜಿನ್ನೇ ಸದ್ದಿನಲ್ಲಿ ಹೇಳುತ್ತದೆ. ಅಂಥ ಕಿವಿ ನಿಪುಣರಿಗೆ ಮಾತ್ರ ಎನ್ನುವವರಿಗೆ ಮಸ್ಕಿಯ ಬಂಡೆಯೇ ಉತ್ತರ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಗುರುತಿಸಿದ, ಅಶೋಕನ ಹೆಸರನ್ನೇ ಹೊತ್ತ ಆ ಶಾಸನದ ಪ್ರಕಾರ ಧರ್ಮದ ಫಲ ದೊಡ್ಡವರ ಸೊತ್ತಲ್ಲ, ಧರ್ಮನಿಷ್ಠನಾದ ಸಾಮಾನ್ಯನಿಗೂ ದಕ್ಕುತ್ತದೆ. ಹಾಗೆಯೇ ಲಿಂಗಸುಗೂರಿನ ಹೊಲದಲ್ಲಿ ಔಷಧಿ ಹೊಡೆಯುವ ಎಂಜಿನ್ನನ್ನು ಬೆನ್ನಿಗೆ ಹೊತ್ತವನೂ ಸದ್ದು ಕೇಳಿಯೇ ಕೈ ತಿರುಗಿಸುತ್ತಾನೆ.