ಬಿಚ್ಚಿದ ಹಗ್ಗ

2022ರ ಬೇಸಿಗೆ ರಜೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಮಗಳು ಮನೆಗೆ ಬಂದಾಗ, ನಮ್ಮ ಊಟದ ಮೇಜು ಅವಳ ವೈರುಗಳ ಪಾಲಾಯಿತು. ತುಳಸಿ ಕುಂಡದ ಮಣ್ಣು ಒಣಗಿದರೆ ದೀಪ ಹೊತ್ತಿಸಿ ನನಗೆ ನೆನಪು ಮಾಡುವ ಯಂತ್ರವಂತೆ. ಅದಕ್ಕಾಗಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ, ಆರ್ಡುಯಿನೊ ಮಾದರಿಯ ಒಂದು ಬೋರ್ಡನ್ನು ತಂದಿದ್ದಳು. ಕಂಪ್ಯೂಟರಿಗೆ ಸಿಕ್ಕಿಸಿದರೆ ಬೋರ್ಡಿನ ದೀಪವೇನೋ ಹೊತ್ತಿತು. ಕಂಪ್ಯೂಟರು ಮಾತ್ರ ಯಾರೂ ಬಂದೇ ಇಲ್ಲವೆಂಬಂತೆ ಕುಳಿತಿತು.

ಮೊದಲು ತಂತಿ ಬದಲಿಸಿದಳು. ಮೊಬೈಲ್ ಚಾರ್ಜಿನ ಕೆಲವು ತಂತಿಗಳಲ್ಲಿ ವಿದ್ಯುತ್ತಿನ ಎಳೆಗಳಷ್ಟೇ ಇದ್ದು, ಮಾಹಿತಿ ಸಾಗಿಸುವ ಎಳೆಗಳು ಇರುವುದಿಲ್ಲವಂತೆ. ಫಲವಾಗಲಿಲ್ಲ. ಆಮೇಲೆ, ಲಿನಕ್ಸಿನಲ್ಲಿ ಇಂಥ ಬೋರ್ಡಿನೊಡನೆ ಮಾತಾಡಲು ಅನುಮತಿ ಇರುವ 'ಡಯಲ್‌ಔಟ್' ಗುಂಪಿಗೆ ತನ್ನ ಹೆಸರು ಸೇರಿಸಿದಳು. ಅದೂ ಆಗಲಿಲ್ಲ. ಕೊನೆಗೆ 'ಡಿಮೆಸೇಜ್' ಎಂದು ಬರೆದು ಕಂಪ್ಯೂಟರಿನ ದಿನಚರಿಯನ್ನೇ ಓದಿದಳು. ಬೋರ್ಡು ಬಂದದ್ದೂ ನಿಜ, ಅದಕ್ಕೆ ಜಾಗ ಸಿಕ್ಕಿದ್ದೂ ನಿಜ. ಮರುಕ್ಷಣವೇ ಬಿಆರ್‌ಎಲ್‌ಟಿಟಿವೈ ಎಂಬ ಇನ್ನೊಂದು ತಂತ್ರಾಂಶ ಬಂದು ಆ ಜಾಗವನ್ನು ಕಿತ್ತುಕೊಂಡಿತ್ತು.

"ಕಣ್ಣು ಕಾಣದವರಿಗೆ ಮಾಡಿರೋದಮ್ಮ ಇದು. ನಮಗ್ಯಾಕೆ? ತೆಗೆದುಹಾಕಿಬಿಡ್ತೀನಿ" ಎಂದಳು.

ತೆರೆಯ ಮೇಲಿನ ಅಕ್ಷರಗಳನ್ನು ಬೆರಳಿಗೆ ತಾಕುವ ಬ್ರೈಲ್ ಚುಕ್ಕಿಗಳಾಗಿ ಎಬ್ಬಿಸುವ ಉಪಕರಣಗಳಿವೆ. ತೆರೆ ಕಾಣದವರು ಹುಡುಕಿ ಗುಂಡಿ ಒತ್ತುವುದೆಲ್ಲಿ? ಅದಕ್ಕೇ ಉಪಕರಣ ಸಿಕ್ಕಿಸಿದೊಡನೆ ಈ ತಂತ್ರಾಂಶ ತಾನಾಗಿ ಏಳುತ್ತದೆ. ಅಂಥ ಒಂದು ಉಪಕರಣದಲ್ಲಿರುವ ಸಿಎಚ್340 ಚಿಪ್ಪೇ ನಮ್ಮ ಬೋರ್ಡಿನಲ್ಲೂ ಇತ್ತು. ಆಗಿನ ಉಬುಂಟು 22.04ರಲ್ಲಿ ಅದು ನಮ್ಮ ಬೋರ್ಡನ್ನೂ ತನ್ನದೆಂದು ಭಾವಿಸಿತ್ತು.

'ನಮಗ್ಯಾಕೆ' ಎಂಬ ಮಾತು ನನ್ನ ಎದೆಗೆ ಚುಚ್ಚಿತು. ನಾನು ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ಅತ್ತೆಯವರ ಅಕ್ಕ, ನಮ್ಮೆಲ್ಲರ ದೊಡ್ಡಮ್ಮ ಇದ್ದರು. ದೃಷ್ಟಿ ಹೋಗಿತ್ತು. ಅವರ ಕೋಣೆಯಿಂದ ಬಚ್ಚಲವರೆಗೆ ಕಂಬದಿಂದ ಕಂಬಕ್ಕೆ ಒಂದು ಹಗ್ಗ ಕಟ್ಟಿತ್ತು. ನಾದಿನಿಯ ನಿಶ್ಚಿತಾರ್ಥದ ದಿನ, ಓಡಾಡುವವರಿಗೆ ಅಡ್ಡ, ನೋಡುವವರಿಗೆ ಅಸಹ್ಯ ಎಂದು ನಾನೇ ಅದನ್ನು ಬಿಚ್ಚಿದೆ. ಸಂಜೆ ಕೋಸಂಬರಿಯ ತಟ್ಟೆ ಹಿಡಿದು ಹೋದರೆ ಅವರು ಬೆಳಗಿನಿಂದ ನೀರೂ ಕುಡಿದಿರಲಿಲ್ಲ. "ಕುಡಿದರೆ ಹೋಗಬೇಕಾಗುತ್ತಲ್ಲಮ್ಮ, ಹಗ್ಗ ಸಿಗಲಿಲ್ಲ" ಎಂದರು. ದೂರಿನ ದನಿಯೇ ಇರಲಿಲ್ಲ. ಅದಕ್ಕೇ ಇಂದಿಗೂ ಮರೆಯಲಾಗಿಲ್ಲ.

ನಮಗೆ ಬೇಡವಾದದ್ದು ಬೇಡದ ವಸ್ತುವೇ? ಮಗಳ ಮಾತಿನಲ್ಲೂ ನ್ಯಾಯವಿತ್ತು. ಈಗ ಮನೆಯಲ್ಲಿ ಬ್ರೈಲ್ ಓದುವವರಿಲ್ಲ. ತೆಗೆದುಹಾಕಿದರೆ ಯಾರಿಗೂ ನೋವಿಲ್ಲ. ಅಲ್ಲದೆ ತಂತ್ರಾಂಶವೂ ತಪ್ಪು ಮಾಡಿತ್ತು. ಒಳ್ಳೆಯ ಕೆಲಸಕ್ಕೆ ಹುಟ್ಟಿದ ಮಾತ್ರಕ್ಕೆ ಪರರ ಜಾಗ ಹಿಡಿಯುವುದು ಸರಿಯಾಗುವುದಿಲ್ಲ. ನಮ್ಮ ಹಗ್ಗವೂ ಅಂದು ನಿಜವಾಗಿಯೇ ಅಡ್ಡವಾಗಿತ್ತು. ನನ್ನ ತಪ್ಪು ಅದನ್ನು ಸರಿಸಬೇಕೆಂದುಕೊಂಡದ್ದಲ್ಲ. ಅದರ ಬದಲು ಅವರಿಗೊಂದು ಕೈ ಕೊಡದೇ ಹೋದದ್ದು, ಒಂದು ಮಾತು ಕೇಳದೇ ಹೋದದ್ದು.

"ಪೂರ್ತಿ ತೆಗೆಯದೆ ಆಗೋದಿಲ್ವೇನೆ?" ಎಂದು ಕೇಳಿದೆ. ಮಗಳು ಹುಡುಕಿದಳು. ಆ ಚಿಪ್ಪಿನ ಗುರುತಿದ್ದದ್ದು ನಿಯಮಗಳ ಕಡತದ ಒಂದೇ ಗೆರೆಯಲ್ಲಿ. ಅದರ ಮುಂದೆ ಒಂದು ಚಿಹ್ನೆ ಹಾಕಿದರೆ ಗೆರೆ ಮಲಗುತ್ತದೆ. ಬೇಕಾದ ದಿನ ಅಳಿಸಿದರೆ ಏಳುತ್ತದೆ. ಕೆಲಸ ಐದು ನಿಮಿಷ ಹೆಚ್ಚಾಯಿತು, ಅಷ್ಟೆ. ಬೋರ್ಡು ಮಾತಾಡಿತು.

ದೊಡ್ಡಮ್ಮ ಹೋಗಿ ವರ್ಷಗಳಾದವು. ಹಗ್ಗ ಉಜ್ಜಿದ ಗುರುತು ಕಂಬದ ಮೇಲೆ ಇನ್ನೂ ಇದೆ. ಅಂದು ರಾತ್ರಿ ಮಗಳಿಗೆ ಅದನ್ನು ತೋರಿಸಿ, ಯಾರಿಗೂ ಹೇಳದಿದ್ದ ಈ ಕಥೆಯನ್ನು ಹೇಳಿದೆ.